ರತ್ನಿಯ ಮರದ ಆವುಗೆ

ಅದು 1968ನೇ ಇಸವಿ. ನಾನು ಮದುವೆಯಾಗಿ ಯಳಂದೂರಿನ ಹತ್ತಿರದ ಹಳ್ಳಿಗೆ ಬಂದು ಏಳೆಂಟು ವರ್ಷ ಕಳೆದಿತ್ತು. ಗಂಡನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನಡುಮನೆಯ ತುಂಬ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಉಳಿದ ಸಂದಿಗೊಂದಿಯಲ್ಲಿ ನಾವು ಚಾಪೆ ಹಾಸಿಕೊಳ್ಳುತ್ತಿದ್ದೆವು. ಮನೆ ಹುಳುವಿನದು, ನಾವು ಅದಕ್ಕೆ ಸೊಪ್ಪು ಹಾಕುವ ಆಳುಗಳು ಅಂತ ನಾನು ಆಗಾಗ ಗೊಣಗುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಸುಮ್ಮನಿರುವ ಬಾಯಲ್ಲ.

ಮನೆಯಲ್ಲಿ ಇದ್ದವರು ನಾವು ನಾಲ್ಕೇ ಜನ. ನಾನು, ನಮ್ಮ ಯಜಮಾನರು, ಅವರ ತಾಯಿ ಕೆಂಪಮ್ಮ, ಮತ್ತೆ ನನ್ನ ಮಗಳು ರತ್ನ. ಎಲ್ಲರ ಬಾಯಲ್ಲೂ ಅವಳು ರತ್ನಿ. ಅವಳಿಗೆ ಆಗ ಆರು ವರ್ಷ. ಹೆಜ್ಜೆ ಇಡಲು ಕಲಿತು ಇನ್ನೂ ಜಗಲಿ ಇಳಿಯುವ ಮೊದಲೇ ಒಂದು ಜ್ವರ ಬಂದಿತ್ತು. ಜ್ವರವೇನೋ ಹೋಯಿತು, ಹೋಗುವಾಗ ಬಲಗಾಲಿನ ಶಕ್ತಿಯನ್ನೂ ಕಿತ್ತುಕೊಂಡು ಹೋಯಿತು. ಅಂದಿನಿಂದ ಮಗು ನೆಲದ ಮೇಲೆ ತೆವಳಿಕೊಂಡೇ ಓಡಾಡುತ್ತಿತ್ತು. ಹರಕೆ ಹೊತ್ತೆವು, ಅಂತ್ರ ಕಟ್ಟಿಸಿದೆವು. ನಮ್ಮ ಅತ್ತೆ ದಿನಾ ಬೆಳಿಗ್ಗೆ ಹರಳೆಣ್ಣೆ ಬೆಚ್ಚಗೆ ಮಾಡಿ ಆ ಕಾಲನ್ನು ತಿಕ್ಕುತ್ತಿದ್ದರು. ತಿಕ್ಕುತ್ತಾ ತಿಕ್ಕುತ್ತಾ ಅವರ ಬೆರಳುಗಳೇ ಸೊಟ್ಟಗಾದವೇ ಹೊರತು ಕಾಲಿಗೆ ಜೀವ ಬರಲಿಲ್ಲ.

ಕೊಳ್ಳೇಗಾಲದ ಸಂತೆಯಲ್ಲಿ ಸಿಕ್ಕ ಒಬ್ಬ ಹೆಂಗಸು ನಮಗೆ ದಾರಿ ತೋರಿಸಿದಳು. ಕಾಮಗೆರೆಯ ಆಸ್ಪತ್ರೆಗೆ ಎರಡು ತಿಂಗಳಿಗೊಮ್ಮೆ ಮೈಸೂರಿನಿಂದ ಒಬ್ಬರು ಬರುತ್ತಾರೆ, ಇಂಥ ಮಕ್ಕಳ ಕಾಲಿಗೆ ಕಬ್ಬಿಣದ ಕಂಬಿ ಕಟ್ಟಿ ನಿಲ್ಲಿಸುತ್ತಾರೆ, ಧರ್ಮಕ್ಕೇ ಕೊಡುತ್ತಾರೆ ಅಂದಳು. ಕರೆದುಕೊಂಡು ಹೋದೆವು. ಬಂದಿದ್ದವರ ಹೆಸರು ದಾಸಪ್ಪ. ಬೇರೆ ತಾಯಂದಿರೆಲ್ಲ ಅವರನ್ನು ಕಂಬಿ ಮೇಷ್ಟ್ರು ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಒಂದು ಸಲ ಅಳತೆ ತೆಗೆದುಕೊಂಡರು, ಮುಂದಿನ ಸಲ ತಂದು ಕಟ್ಟಿದರು. ಅದಕ್ಕೆ ಕ್ಯಾಲಿಪರ್ ಅಂತ ಹೆಸರಂತೆ. ಕಾಲಿನ ಎರಡು ಪಕ್ಕಕ್ಕೂ ಒಂದೊಂದು ಕಂಬಿ, ತೊಡೆಗೆ ಮಂಡಿಗೆ ಪಟ್ಟಿ, ಕೆಳಗೆ ಗಟ್ಟಿ ತೊಗಲಿನ ಬೂಟು. ಕಟ್ಟಿ ಎತ್ತಿ ನಿಲ್ಲಿಸಿದಾಗ ರತ್ನಿ ಗೋಡೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. ನಾನು ಆಸ್ಪತ್ರೆ ಜಗಲಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಲ್ಲಿಯ ಸಿಸ್ಟರಮ್ಮ ಒಂದು ಮಾತು ಹೇಳಿ ಕಳಿಸಿದರು. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಇದು ಕಾಲಲ್ಲಿ ಇರಬೇಕು, ಹೊರಗೂ ಇರಬೇಕು, ಒಳಗೂ ಇರಬೇಕು. ಬಿಚ್ಚಿಟ್ಟರೆ ಮಂಡಿ ಮಡಚಿಕೊಂಡೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಯಾವ ಕಂಬಿಯೂ ಕೂರುವುದಿಲ್ಲ ಅಂತ. ನಾನು ಆಯಿತು ಅಂತ ತಲೆಯಾಡಿಸಿ ಬಂದೆ.

ಮನೆ ಬಾಗಿಲಿಗೆ ಬಂದೆವು. ಅತ್ತೆ ಓಡಿ ಬಂದವರು ಮೊಮ್ಮಗಳು ನಿಂತಿದ್ದನ್ನು ನೋಡಿ ಎರಡು ಕೈಯಲ್ಲೂ ದೃಷ್ಟಿ ನಿವಾಳಿಸಿದರು. ಆಮೇಲೆ ಅವರ ಕಣ್ಣು ಕೆಳಗೆ ಹೋಯಿತು.

"ಅಲ್ಲೇ ನಿಂತ್ಕಳಮ್ಮಿ. ಕೂಸಿನ ಕಾಲಲ್ಲಿ ಎಕ್ಕಡ ಅದೆ," ಅಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಕ್ಕಡ ಮೆಟ್ಟಿಕೊಂಡು ಯಾರೂ ಹೊಸ್ತಿಲು ದಾಟುವುದಿಲ್ಲ. ಅದರಲ್ಲೂ ನಮ್ಮದು ಮಾದಪ್ಪನ ಒಕ್ಕಲು, ಸಾಲದ್ದಕ್ಕೆ ಹುಳದ ಮನೆ. ಹೊರಗಿನ ಧೂಳು, ಕೊಳೆ, ಅಂಟುಮುಟ್ಟು ಯಾವುದೂ ಹುಳುವಿನ ಹತ್ತಿರ ಸುಳಿಯಕೂಡದು. ಹುಳು ಇರುವ ಮನೆಗೆ ನೆಂಟರನ್ನೇ ನಾವು ಕಾಲು ತೊಳೆಸದೆ ಬಿಡುತ್ತಿರಲಿಲ್ಲ. ಒಂದು ಬೆಳೆ ಕೆಟ್ಟರೆ ಎರಡು ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ. ಅತ್ತೆ ಹೇಳಿದ್ದು ಸುಳ್ಳಾಗಿರಲಿಲ್ಲ, ನನಗೆ ಸಿಟ್ಟು ಬಂದದ್ದೂ ಸುಳ್ಳಲ್ಲ.

ಹಾಗಾಗಿ ಕಂಬಿ ಬೂಟು ಜಗಲಿಯ ಮೊಳೆಗೆ ಏರಿತು. ಸಂಜೆ ಹೊತ್ತು ಒಂದಷ್ಟು ಕಟ್ಟಿ ಅಂಗಳದಲ್ಲಿ ನಡೆಸುವುದು, ದೀಪ ಹಚ್ಚುವಾಗ ಬಿಚ್ಚಿ ಮೊಳೆಗೆ ಸಿಕ್ಕಿಸುವುದು, ಮಗು ಮತ್ತೆ ತೆವಳಿಕೊಂಡು ಒಳಗೆ ಬರುವುದು. ಹಗಲೆಲ್ಲ ನಾವು ಸೊಪ್ಪು ಕೊಯ್ಯುವುದು, ಹೆಚ್ಚುವುದು, ತಟ್ಟೆ ಬದಲಿಸುವುದು, ಅಂಗಳದಲ್ಲಿ ಅವಳ ಹಿಂದೆ ನಿಲ್ಲುವುದಕ್ಕೆ ಯಾರಿಗೆ ಪುರುಸೊತ್ತು?

ನಾನು ಸುಮ್ಮನಿರಲಿಲ್ಲ. ಬೂಟನ್ನು ದಿನಾ ತೊಳೆದು ಕೊಡುತ್ತೇನೆ ಅಂದೆ. ತೊಗಲು ನೆಂದರೆ ಬಿರಿಯುತ್ತದೆ ಅಂತ ಯಜಮಾನರು ಬೇಡ ಅಂದರು. ಬಟ್ಟೆ ಸುತ್ತುತ್ತೇನೆ ಅಂದೆ.

ಅದಕ್ಕೆ ಅತ್ತೆ, "ಎಕ್ಕಡಕ್ಕೆ ಸೀರೆ ಉಡ್ಸುದ್ರೆ ಅದೇನು ಎಣ್ಣಾಗೋದದಾ?" ಅಂದರು.

ಹಾಗಾದರೆ ಪಟ್ಟಿಯೂ ತೊಗಲಿನದೇ ಅಲ್ಲವಾ ಅಂತ ನಾನೂ ಬಿಡಲಿಲ್ಲ. ಎತ್ತಿನ ಕೊರಳಿನ ಗೆಜ್ಜೆಪಟ್ಟಿಯೂ ತೊಗಲೇ, ಅದನ್ನು ಮನೆಯಲ್ಲೇ ಇಡುತ್ತೇವೆ, ತೊಗಲಿಗೆ ದೋಷವಿಲ್ಲ, ಬೀದಿ ತುಳಿಯುವ ಎಕ್ಕಡಕ್ಕೆ ದೋಷ ಅಂತ ಅವರ ವಾದ. ಕೋರ್ಟಿಗೆ ಹೋಗಿದ್ದರೆ ಒಳ್ಳೆಯ ಲಾಯರಾಗುತ್ತಿದ್ದರು. ಮಗುವಿಗೆ ಮಾತ್ರ ಯಾರೂ ಏನೂ ಕೇಳಲಿಲ್ಲ. ಅದು ತಟ್ಟೆಗಳ ಕೆಳಗೆ ತೆವಳಿಕೊಂಡು ಬಿದ್ದ ಎಲೆ ಆರಿಸುತ್ತಿತ್ತು.

ಮುಂದಿನ ಸಲ ಕಾಮಗೆರೆಗೆ ಹೋದಾಗ ಮೇಷ್ಟ್ರು ಬೂಟಿನ ಅಟ್ಟೆ ತಿರುಗಿಸಿ ನೋಡಿದರು. ಸವೆದೇ ಇರಲಿಲ್ಲ. ಮಂಡಿ ನೀಡಿಸಿ ನೋಡಿದರು. ಮೊದಲಿನಷ್ಟು ನೇರಕ್ಕೆ ಬರಲಿಲ್ಲ, ಮಗು ನೋವಿನಿಂದ ಚೀರಿತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೇಷ್ಟ್ರು ರೇಗಲಿಲ್ಲ. "ಗೋಡೆಗೆ ಹಾಕಿದ್ರೆ ಗೋಡೆ ನಡೆಯಲ್ಲಮ್ಮ," ಅಂದರು ಅಷ್ಟೆ. ಹನೂರು, ರಾಮಾಪುರದ ಕಡೆಯಿಂದಲೂ ಮಕ್ಕಳು ಬರುತ್ತಿವೆ, ಇರುವ ಕಂಬಿ ಕಡಿಮೆ, ಮುಂದಿನ ಸಲವೂ ಹೀಗೇ ಇದ್ದರೆ ಇದನ್ನು ಬೇರೆ ಮಗುವಿಗೆ ತಿದ್ದಿ ಕೊಡಬೇಕಾಗುತ್ತದೆ ಅಂತ ಸಮಾಧಾನದಿಂದಲೇ ತಿಳಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿ ಜಗಳ ಮಾಡಿದೆ. ಅವರು ಅತ್ತರು, ಆದರೆ ಜಗ್ಗಲಿಲ್ಲ. ಸಂಜೆ ನಡೆಸುವುದನ್ನು ಹೆಚ್ಚು ಮಾಡಿದೆವು, ಅಷ್ಟೆ. ಮಂಡಿ ದಿನ ಹೋದಂತೆ ಬಿಗಿಯಾಗುತ್ತಲೇ ಹೋಯಿತು.

ಮತ್ತೆ ಮೇಷ್ಟ್ರು ಬರುವ ದಿನ ಬಂತು. ಪುಣ್ಯಕ್ಕೆ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಹೀಗೆ ಮೇವು ಬಿಟ್ಟು ಸುಮ್ಮನೆ ಕೂರುತ್ತವೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಸಾಕುವವರಿಗೆ ಬಿಡುವು ಸಿಗುವುದೆಂದರೆ ಅಂಥ ದಿನ ಮಾತ್ರ. ಯಜಮಾನರು ಹುಳುವಿನ ಕಾವಲಿಗೆ ಉಳಿದರು. ಅತ್ತೆ ತಾವೇ ಬರುತ್ತೇನೆ ಅಂದರು. ನನ್ನ ಮನೆ ವಿಚಾರ ಮಾತಾಡುವ ಆ ಮೇಷ್ಟ್ರು ಯಾರು, ನಾನೂ ನೋಡುತ್ತೇನೆ ಅಂತ ಹೊರಟರು. ಕೊಳ್ಳೇಗಾಲದವರೆಗೆ ಒಂದು ಬಸ್ಸು, ಅಲ್ಲಿಂದ ಕಾಮಗೆರೆಯ ಮೇಲೆ ಹೋಗುವ ಹನೂರಿನ ಬಸ್ಸು. ಕಂಬಿ ಬೂಟನ್ನು ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದೆ. ಅತ್ತೆ ದಾರಿಯುದ್ದಕ್ಕೂ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮ ಕಾಲು ಆ ಚೀಲಕ್ಕೆ ತಾಗದ ಹಾಗೆ ಒತ್ತರಿಸಿಕೊಂಡೇ ಬಂದರು.

ಆಸ್ಪತ್ರೆಯ ಜಗಲಿಯಲ್ಲಿ ರಾಮಾಪುರದ ಒಬ್ಬ ತಾಯಿ ಕೂತಿದ್ದಳು. ಅವಳ ಮಗಳೂ ಹೆಚ್ಚು ಕಡಿಮೆ ರತ್ನಿಯ ವಯಸ್ಸಿನವಳೇ, ಅದೇ ಥರದ ಕಾಲು. ಮೇಷ್ಟ್ರು ನಮ್ಮ ರತ್ನಿಯ ಮಂಡಿ ನೀಡಿಸಿ ನೋಡಿದರು. ಆಮೇಲೆ, ಬೇಜಾರು ಮಾಡಿಕೋಬೇಡಿ, ಆ ಮಗುವಿಗೆ ಒಂದು ಸಲ ಹಾಕಿ ನೋಡ್ತೀನಿ ಅಂದರು. ಬಾಯಿಬಡುಕಿಯಾದ ನಾನೇ ಗೋಣಿಚೀಲ ಬಿಚ್ಚಿ ಕಂಬಿ ಬೂಟನ್ನು ಅವರ ಕೈಗೆ ಕೊಟ್ಟೆ.

ಅವರು ಬೂಟನ್ನು ಒಂದು ಕೈಯಲ್ಲಿ, ಕಂಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಳೆದರು. ಬೀಗದಿಂದ ಕೀಲಿ ಬಂದ ಹಾಗೆ ಕಂಬಿ ಬೂಟಿನಿಂದ ಆಚೆ ಬಂತು. ತಮ್ಮ ಪೆಟ್ಟಿಗೆಯಿಂದ ಬೇರೆ ಅಳತೆಯ ಬೂಟು ತೆಗೆದು, ಅದರ ಹಿಮ್ಮಡಿಯಲ್ಲಿದ್ದ ತೂತಿಗೆ ಅದೇ ಕಂಬಿ ಸಿಕ್ಕಿಸಿ, ರಾಮಾಪುರದ ಮಗುವಿಗೆ ಕಟ್ಟಿದರು. ಆ ಮಗು ಎದ್ದು ನಿಂತಿತು. ಅದರ ತಾಯಿಯ ಮುಖ ನೋಡಬೇಕಿತ್ತು. ರತ್ನಿಗೆ ಮೊದಲ ಸಲ ಕಂಬಿ ಕಟ್ಟಿದ ದಿನ ನಾನು ಹೇಗಿದ್ದೆನೋ ಹಾಗೇ ಇದ್ದಳು.

ಆಗ ನಮ್ಮ ರತ್ನಿ ಕೂಗಿದಳು. "ಅದು ನನ್ ಕಾಲು. ಅವ್ಳಿಗ್ಯಾಕ್ ಕೊಟ್ರಿ? ಅವ್ವಾ, ನನ್ ಕಾಲ್ ಈಸ್ಕೊಡು." ಜಗಲಿಯ ಮೇಲೆ ತೆವಳಿಕೊಂಡು ಹೋಗಿ ಆ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ನಾನು ಬಿಡಿಸಲು ಹೋದೆ, ಬಿಡಲಿಲ್ಲ. ಆ ಮಗುವೂ ಹೆದರಿ ಅಳತೊಡಗಿತು. ಮೇಷ್ಟ್ರೂ ಸಿಸ್ಟರಮ್ಮನೂ ಮುಖ ಮುಖ ನೋಡಿಕೊಂಡರು.

ಅತ್ತೆ ಮಾತ್ರ ಮಗುವನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ನೆಲದ ಮೇಲೆ ಒಂಟಿಯಾಗಿ ಬಿದ್ದಿದ್ದ ನಮ್ಮ ಬೂಟಿನ ಮೇಲಿತ್ತು.

"ಸಾಮಿ, ಆ ಕಂಬಿ ಎಕ್ಕಡದಿಂದ ಬುಟ್ಕತ್ತದಾ?" ಅಂತ ಕೇಳಿದರು.

ಬಿಟ್ಟುಕೊಳ್ಳುತ್ತದೆ ಅಜ್ಜಿ, ಮಗು ಬೆಳೆದ ಹಾಗೆ ಬೂಟು ಬದಲಾಯಿಸಬೇಕಲ್ಲ ಅಂದರು ಮೇಷ್ಟ್ರು. ಇಷ್ಟು ದಿನ ನಾವು ಅದು ಒಂದೇ ಎರಕ ಅಂದುಕೊಂಡಿದ್ದೆವು. ಎಳೆದು ನೋಡುವ ಧೈರ್ಯ ಯಾರೂ ಮಾಡಿರಲಿಲ್ಲ. ಧರ್ಮಕ್ಕೆ ಕೊಟ್ಟ ವಸ್ತು, ಮುರಿದರೆ ಮತ್ತೆ ಯಾರು ಕೊಡುತ್ತಾರೆ ಅನ್ನುವ ಭಯ.

ಅತ್ತೆ ಬಗ್ಗಿ, ಜೀವಮಾನದಲ್ಲಿ ಮೊದಲ ಸಲವೋ ಏನೋ, ಬೂಟನ್ನು ಕೈಯಲ್ಲಿ ಎತ್ತಿಕೊಂಡರು. ಹಿಮ್ಮಡಿಯ ತೂತಿಗೆ ಬೆರಳು ಹಾಕಿ ನೋಡಿದರು. "ಮಠದ ಅಯ್ನೋರು ಮರದ ಆವುಗೆ ಮೆಟ್ಕಂಡು ದೇವ್ರ ಮನ್ಗೇ ಬತ್ತಾರೆ. ಯಾರೂ ಬ್ಯಾಡ ಅನ್ನಲ್ಲ. ಒಳಿಕ್ಕೆ ಒಂದು ಮರದ ಆವುಗೆ ಮಾಡ್ಸಿ, ಅದ್ಕೆ ಈ ಕಂಬಿ ಸಿಗಸುದ್ರೆ ಆಗದಿಲ್ವಾ? ಈ ಎಕ್ಕಡ ಆಚಿಕ್ಕೆ ಇರ್ಲಿ," ಅಂದರು.

ಮೇಷ್ಟ್ರು ನಕ್ಕುಬಿಟ್ಟರು. ಆಮೇಲೆ ಆ ನಗು ನಿಂತಿತು. ಬೂಟನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮರ ಆದರೆ ಸಾರಿಸಿದ ನೆಲದಲ್ಲಿ ಜಾರುತ್ತದೆ, ಕೆಳಗೆ ಸೈಕಲ್ ಟೈರಿನ ತುಂಡು ಹೊಡೆಯಬೇಕು, ಅದಕ್ಕೆ ಅಜ್ಜಿ ಒಪ್ಪುತ್ತಾರಾ ಅಂತ ಕೇಳಿದರು. ರಬ್ಬರು ಯಾವುದರದ್ದು ಅಂತ ಅತ್ತೆ ವಿಚಾರಿಸಿದರು. ಮರದ ಹಾಲಿನದು ಅಂದಾಗ, ಹಾಗಾದರೆ ಅದೂ ಮರವೇ ತಾನೆ ಅಂತ ತೀರ್ಪು ಕೊಟ್ಟರು. ಪಾದ ಕಟ್ಟಲು ಮಂಚದ ನವಾರು ಆಗುತ್ತದೆ ಅಂತ ಅದನ್ನೂ ಅವರೇ ಹೇಳಿದರು.

ಆದರೆ ಕಂಬಿ ಇದ್ದದ್ದು ಇನ್ನೊಂದು ಮಗುವಿನ ಕಾಲಲ್ಲಿ. ಕೊಡಿ ಅಂತ ಕೇಳಲು ನನಗೆ ಯಾವ ಬಾಯಿ? ಆಗ ರಾಮಾಪುರದ ಆ ತಾಯಿ ತಾನೇ ಕೂತು ಪಟ್ಟಿ ಬಿಚ್ಚತೊಡಗಿದಳು. "ತಕ್ಕಳಿ ಅಕ್ಕಾ. ನಮ್ ಕೂಸು ನಿಂತ್ಕತ್ತದೆ ಅನ್ನದು ಗೊತ್ತಾಯ್ತಲ್ಲ, ಇನ್ನೊಂದ್ ಕಿತ ಬತ್ತೀವಿ. ಈ ಮಗ ಅಳಾದ ನೋಡಕ್ಕಾಯ್ತಿಲ್ಲ," ಅಂದಳು. ಕಾಡಂಚಿನ ಊರಿನಿಂದ ಮಗುವನ್ನು ಕಂಕುಳಲ್ಲಿ ಹೊತ್ತು ಬಂದವಳು, ಬರಿಗೈಯಲ್ಲಿ ಹಿಂದಿರುಗಲು ಒಪ್ಪಿದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಮೇಷ್ಟ್ರು ಅಲ್ಲೇ ಆ ಮಗುವಿನ ಅಳತೆ ತೆಗೆದುಕೊಂಡು, ಮುಂದಿನ ಸಲ ಇದರದ್ದೇ ಮೊದಲ ಕೆಲಸ ಅಂತ ಮಾತು ಕೊಟ್ಟರು. ನಮಗೆ ಹಿಮ್ಮಡಿಗೆ ಹಾಕುವ ಕಬ್ಬಿಣದ ಕೊಳವೆ ಒಂದನ್ನು ಪೆಟ್ಟಿಗೆಯಿಂದ ಹುಡುಕಿ ಕೊಟ್ಟು, ಬೂಟಿನಷ್ಟೇ ಎತ್ತರ ಇರಬೇಕು, ಇನ್ನೊಂದು ಕಾಲಿಗೂ ಅಷ್ಟೇ ಎತ್ತರದ್ದು ಬೇಕು ಅಂತ ಎರಡೆರಡು ಸಲ ಹೇಳಿದರು.

ಊರಿಗೆ ಬಂದ ಮಾರನೆಯ ದಿನವೇ ಅತ್ತೆ ನಮ್ಮೂರ ಆಚಾರಿಯ ಮನೆಯಲ್ಲಿ ಹೋಗಿ ಕೂತರು. ಅವನು ಹಗುರವಾದ ಹಾಲುವಾಣದ ಮರದಲ್ಲಿ ಬಹಳ ಶ್ರದ್ಧೆಯಿಂದ ಮಾಡಿದ. ಶ್ರದ್ಧೆ ಸ್ವಲ್ಪ ಹೆಚ್ಚೇ ಆಯಿತು. ಆವುಗೆ ಅಂದ ಮೇಲೆ ಹೆಬ್ಬೆರಳ ಸಂದಿಗೆ ಸಿಕ್ಕಿಸುವ ಮರದ ಗುಬ್ಬಿ ಬೇಕಲ್ಲವಾ ಅಂತ ಗುಬ್ಬಿ ಇಟ್ಟು, ಗುಬ್ಬಿಯ ತುದಿಗೆ ತಾವರೆ ಮೊಗ್ಗು ಕೆತ್ತಿ ತಂದ. ಅತ್ತೆ ಅದನ್ನು ನೋಡಿದವರೇ ಕಣ್ಣಿಗೆ ಒತ್ತಿಕೊಂಡರು. ಥೇಟು ಗುರುಗಳ ಪಾದುಕೆ. ಇದನ್ನು ಮಗುವಿನ ಕಾಲಿಗೆ ಹೇಗೆ ಹಾಕುವುದು, ಪಾಪ ಬರುತ್ತದೆ ಅಂತ ದೇವರ ಗೂಡಿನಲ್ಲಿ ಇಟ್ಟು ಹೂವು ಏರಿಸಿ ಕೈ ಮುಗಿದುಬಿಟ್ಟರು. ನಾನು ತಲೆ ತಲೆ ಚಚ್ಚಿಕೊಂಡೆ. ಎಕ್ಕಡ ಅಂದರೆ ಮೈಲಿಗೆ, ಆವುಗೆ ಅಂದರೆ ದೇವರು, ನನ್ನ ಮಗಳು ನಡೆಯುವುದು ಯಾವುದರಲ್ಲಿ ಅಂತ ಕೂಗಾಡಿದೆ. ಯಜಮಾನರು ಸದ್ದಿಲ್ಲದೆ ಆಚಾರಿಯ ಹತ್ತಿರ ಹೋಗಿ, ಗುಬ್ಬಿ ಬೇಡ, ಹೂವು ಬೇಡ, ಬರೀ ಅಟ್ಟೆ ಮಾಡು ಮಾರಾಯ ಅಂತ ಇನ್ನೊಂದು ಜೊತೆ ಮಾಡಿಸಿ ತಂದರು. ಅದಕ್ಕೆ ಟೈರು ಹೊಡೆದು, ನವಾರು ಹಾಕಿ, ಕೊಳವೆ ಕೂರಿಸಿದ್ದಾಯಿತು.

ಮೊದಲ ದಿನ ಹೊಸ್ತಿಲ ಹೊರಗೆ ಕೂರಿಸಿ ಕಂಬಿಯನ್ನು ಬೂಟಿನಿಂದ ಕಿತ್ತು ಆವುಗೆಗೆ ಸಿಕ್ಕಿಸಿದೆ. ಅತ್ತೆ ಒಳಗೆ ನಿಂತು ಎರಡೂ ಕೈ ಚಾಚಿದರು. ರತ್ನಿ ಹೊಸ್ತಿಲು ದಾಟಿದಳು. ತಾನು ಹುಟ್ಟಿದ ಮನೆಯೊಳಕ್ಕೆ ಬುದ್ಧಿ ಬಂದ ಮೇಲೆ ಅವಳು ನಿಂತುಕೊಂಡು ಬಂದದ್ದು ಅದೇ ಮೊದಲು. ಬಂದವಳು ಯಾರನ್ನೂ ನೋಡಲಿಲ್ಲ. ಇಷ್ಟು ದಿನ ಕೆಳಗಿನಿಂದ ಬರೀ ಬಿದಿರಿನ ತಳ ಕಾಣುತ್ತಿದ್ದ ತಟ್ಟೆಗಳನ್ನು ಮೇಲಿನಿಂದ ಬಗ್ಗಿ ನೋಡಿ, ಇಷ್ಟೊಂದು ಹುಳ ಅವೆ ಅಂತ ಬೆರಗಾದಳು.

ಮಂಡಿ ಸುಲಭಕ್ಕೆ ನೇರವಾಗಲಿಲ್ಲ. ದಿನಾ ಬಿಸಿನೀರಿನ ಶಾಖ ಕೊಟ್ಟು, ಸಿಸ್ಟರಮ್ಮ ತೋರಿಸಿದ ಹಾಗೆ ನೀಡಿಸಿ, ಅವಳ ಅಳು ಕೇಳಿಸಿಕೊಂಡೇ ಕಟ್ಟುತ್ತಿದ್ದೆವು. ಮುಂದಿನ ಸಲ ಕಾಮಗೆರೆಗೆ ಹೋದಾಗ ಮೇಷ್ಟ್ರು ಸವೆದ ಟೈರು ನೋಡಿ ಅದಕ್ಕೇ ಒಂದು ಮುತ್ತು ಕೊಡುವವರ ಹಾಗೆ ಹಿಗ್ಗಿದರು. ರಾಮಾಪುರದ ಮಗುವಿಗೆ ಅವತ್ತು ಅದರದ್ದೇ ಸ್ವಂತ ಕಂಬಿ ಬಂದಿತ್ತು. ಅದರ ತಾಯಿ ನಮ್ಮ ಆವುಗೆಯನ್ನು ತಿರುಗಿಸಿ ನೋಡಿ, ನಮ್ಮ ಮನೆಯಲ್ಲೂ ಒಬ್ಬರು ಅತ್ತೆ ಇದ್ದಾರೆ ಅಕ್ಕಾ, ನಮಗೂ ಒಂದು ಜೊತೆ ಮಾಡಿಸಿಕೊಡಿ ಅಂದಳು. ಮೇಷ್ಟ್ರೂ ಇನ್ನು ಕೆಲವು ಮನೆಗಳಿಗೆ ಬೇಕು ಅಂತ ಹೇಳಿ ಕಳಿಸಿದರು. ನಮ್ಮ ಆಚಾರಿಗೆ ನೇಗಿಲು, ಗಾಡಿಯ ಜೊತೆಗೆ ಇದೂ ಒಂದು ಕೆಲಸವಾಯಿತು.

ಆದರೆ ನಾನು ಮರೆಯಲಾರದ ದಿನ ಇದ್ಯಾವುದೂ ಅಲ್ಲ.

ಅದು ಇನ್ನೂ ಕೆಲವು ತಿಂಗಳು ಕಳೆದ ಮೇಲೆ. ಹುಳು ದೊಡ್ಡವಾಗಿದ್ದವು, ಮೇವಿನ ಸದ್ದು ಮನೆಯೆಲ್ಲ ಕೇಳುತ್ತಿತ್ತು. ರತ್ನಿ ತಟ್ಟೆಯ ಪಕ್ಕ ನಿಂತು ಸೊಪ್ಪು ಹಾಕುತ್ತಿದ್ದಳು. ಒದ್ದೆ ಸೊಪ್ಪನ್ನು ಹಾಗೇ ಸುರಿದಳು ಅಂತ ಅತ್ತೆ ಬೈಯತೊಡಗಿದರು. ಅವರು ಬೈಯಲು ಕೂತರೆ ಸುಲಭಕ್ಕೆ ಮುಗಿಸುವವರಲ್ಲ. ಹಿಂದೆಲ್ಲ ಬೈದರೆ ಮಗು ಕೂತಲ್ಲೇ ತಲೆ ತಗ್ಗಿಸಿ ಕೂತಿರುತ್ತಿತ್ತು. ಬೈಗುಳ ತಾನಾಗಿ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಿತ್ತು. ಎಲ್ಲಿಗೆ ಹೋದೀತು?

ಆವತ್ತು ಅವಳು ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಎಸೆದಳು. ಮುಖ ಊದಿಸಿಕೊಂಡು ಬೆನ್ನು ತಿರುಗಿಸಿದಳು. ಟಕ ಟಕ ಅಂತ ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲು ದೂಡಿಕೊಂಡು ಹೊರಟೇಹೋದಳು. ಅಜ್ಜಿ ಇನ್ನೂ ಬೈಯುತ್ತಲೇ ಇದ್ದರು.

ಅತ್ತೆಯ ಮಾತು ಅರ್ಧಕ್ಕೇ ನಿಂತಿತು. ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನೋಡ್ದಾ ಅಮ್ಮಿ. ನಾನ್ ಬಯ್ತಾ ಇವ್ನಿ, ಎದ್ದೋಯ್ತಾವ್ಳೆ," ಅಂದರು. ಅಂದವರು ಅಲ್ಲೇ ಕುಸಿದು ಕೂತು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅವರ ಪಕ್ಕದಲ್ಲಿ ಕೂತೆ. ಅಲ್ಲಿಯವರೆಗೆ ನಾವಿಬ್ಬರೂ ಹಾಗೆ ಒಟ್ಟಿಗೆ ಕೂತು ಅತ್ತದ್ದೇ ಇರಲಿಲ್ಲ.

ಅತ್ತೆ ಈಗ ಇಲ್ಲ. ರತ್ನಿ ಮದುವೆಯಾಗಿ ಕೊಳ್ಳೇಗಾಲದಲ್ಲಿ ಸಂಸಾರ ಮಾಡುತ್ತಿದ್ದಾಳೆ, ಇಂದಿಗೂ ಕಂಬಿ ಹಾಕಿಯೇ ನಡೆಯುತ್ತಾಳೆ. ಮಕ್ಕಳು ಮುನಿಸಿಕೊಂಡು ಎದುರಿನಿಂದ ಎದ್ದುಹೋದರೆ ಹೆತ್ತವರಿಗೆ ಕೋಪ ಬರುತ್ತದೆ, ಬರಬೇಕಾದ್ದೇ. ಆದರೆ ಯಾರ ಮನೆಯಲ್ಲಾದರೂ ಒಂದು ಮಗು ಹಾಗೆ ಕಾಲು ಅಪ್ಪಳಿಸಿಕೊಂಡು ಹೋಗುವುದು ಕಂಡರೆ ನನಗೆ ಮಾತ್ರ ಇವತ್ತಿಗೂ ಕಣ್ಣು ತುಂಬಿ ಬರುತ್ತದೆ. ಹೋಗಲಿ ಬಿಡಿ, ಬೈಯಬೇಡಿ, ನಡೆದು ಹೋಗಲಿ ಅನ್ನಿಸುತ್ತದೆ.